ಸೃಜನಶೀಲ ಉದ್ಯಮಗಳ ಪದವಿ

ಸೃಜನಶೀಲ ಉದ್ಯಮಗಳ ಪದವಿಯು ಕಲೆ, ವಿನ್ಯಾಸ, ಮಾಧ್ಯಮ, ಸಂಗೀತ, ರಂಗಭೂಮಿ, ಪ್ರಕಾಶನ ಮುಂತಾದ ಕ್ಷೇತ್ರಗಳ ಅಭ್ಯಾಸವನ್ನು ಅವುಗಳ ವ್ಯವಹಾರ, ಕಾನೂನು ಮತ್ತು ತಂತ್ರಜ್ಞಾನದ ಅಧ್ಯಯನದೊಂದಿಗೆ ಬೋಧಿಸುವ ವಿಶ್ವವಿದ್ಯಾಲಯ ಮಟ್ಟದ ಶಿಕ್ಷಣವಾಗಿದೆ. ಲಲಿತಕಲಾ ಪದವಿಯು ಮುಖ್ಯವಾಗಿ ಒಂದು ಕಲೆಯಲ್ಲಿ ಪರಿಣತಿಯನ್ನು ಬಯಸಿದರೆ, ಈ ಪದವಿಯು ಕೃತಿಯೊಂದು ರೂಪುಗೊಂಡು, ಹಣ ಹೂಡಿಕೆ ಪಡೆದು, ಪ್ರೇಕ್ಷಕರನ್ನು ತಲುಪುವ ಇಡೀ ಪ್ರಕ್ರಿಯೆಯನ್ನು ಅಧ್ಯಯನದ ವಸ್ತುವಾಗಿಸುತ್ತದೆ.

ಹಿನ್ನೆಲೆ

ಜರ್ಮನ್ ಚಿಂತಕರಾದ ಥಿಯೋಡರ್ ಅಡೋರ್ನೊ ಮತ್ತು ಮ್ಯಾಕ್ಸ್ ಹಾರ್ಕ್‌ಹೈಮರ್ 1940ರ ದಶಕದಲ್ಲಿ ‘ಸಂಸ್ಕೃತಿ ಉದ್ಯಮ’ ಎಂಬ ಪದವನ್ನು ಟೀಕೆಯ ಅರ್ಥದಲ್ಲಿ ಬಳಸಿದರು. ಚಲನಚಿತ್ರ, ರೇಡಿಯೊಗಳು ಸಂಸ್ಕೃತಿಯನ್ನು ಕಾರ್ಖಾನೆಯ ಸರಕಿನಂತೆ ಏಕರೂಪವಾಗಿಸುತ್ತವೆ ಎಂಬುದು ಅವರ ವಾದವಾಗಿತ್ತು. ಅರ್ಧ ಶತಮಾನದ ಬಳಿಕ ಸರ್ಕಾರಗಳು ಇದೇ ಕ್ಷೇತ್ರವನ್ನು ಆರ್ಥಿಕ ಬೆಳವಣಿಗೆಯ ಮೂಲವೆಂದು ಪರಿಗಣಿಸತೊಡಗಿದವು. ಆಸ್ಟ್ರೇಲಿಯಾ 1994ರಲ್ಲಿ ‘ಕ್ರಿಯೇಟಿವ್ ನೇಷನ್’ ಎಂಬ ಸಾಂಸ್ಕೃತಿಕ ನೀತಿಯನ್ನು ಪ್ರಕಟಿಸಿತು. ಬ್ರಿಟನ್ ಸರ್ಕಾರವು 1998ರ ದಾಖಲೆಯೊಂದರಲ್ಲಿ ಜಾಹೀರಾತು, ವಾಸ್ತುಶಿಲ್ಪ, ಕರಕುಶಲ, ಫ್ಯಾಷನ್, ಚಲನಚಿತ್ರ, ಸಾಫ್ಟ್‌ವೇರ್ ಸೇರಿದಂತೆ 13 ವಲಯಗಳನ್ನು ಸೃಜನಶೀಲ ಉದ್ಯಮಗಳೆಂದು ಗುರುತಿಸಿತು. ವ್ಯಕ್ತಿಯ ಪ್ರತಿಭೆಯಿಂದ ಹುಟ್ಟಿ, ಬೌದ್ಧಿಕ ಆಸ್ತಿಯ ಮೂಲಕ ಸಂಪತ್ತು ಮತ್ತು ಉದ್ಯೋಗ ಸೃಷ್ಟಿಸಬಲ್ಲ ಚಟುವಟಿಕೆಗಳು ಎಂಬುದು ಅದರ ವ್ಯಾಖ್ಯೆಯ ಸಾರ.

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯವು 2001ರಲ್ಲಿ ಸೃಜನಶೀಲ ಉದ್ಯಮಗಳ ನಿಕಾಯವನ್ನು ಸ್ಥಾಪಿಸಿತು. ಮಾಧ್ಯಮ ವಿದ್ವಾಂಸ ಜಾನ್ ಹಾರ್ಟ್ಲಿ ಅದರ ಮೊದಲ ಡೀನ್ ಆಗಿದ್ದರು. ಪತ್ರಿಕೋದ್ಯಮ, ಮಾಧ್ಯಮ ಹಾಗೂ ಪ್ರದರ್ಶನ ಕಲೆಗಳನ್ನು ಒಂದೇ ಸೂರಿನಡಿ ತಂದ ಈ ಮಾದರಿಯು ಇತರ ದೇಶಗಳ ವಿಶ್ವವಿದ್ಯಾಲಯಗಳ ಗಮನವನ್ನೂ ಸೆಳೆಯಿತು.

ಪಠ್ಯಕ್ರಮ

ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್‌ಗಳಲ್ಲಿ ಪದವಿಯ ಅವಧಿ ಸಾಮಾನ್ಯವಾಗಿ 3 ವರ್ಷಗಳು. ಪಠ್ಯಕ್ರಮದಲ್ಲಿ ಸಾಮಾನ್ಯವಾಗಿ ಕಂಡುಬರುವ ಅಂಶಗಳು ಹೀಗಿವೆ:

- ವಿದ್ಯಾರ್ಥಿಯು ಆಯ್ದುಕೊಂಡ ಬರವಣಿಗೆ, ಸಂಗೀತ, ವಿನ್ಯಾಸ ಅಥವಾ ಚಲನಚಿತ್ರದಂತಹ ಕ್ಷೇತ್ರದ ಅಭ್ಯಾಸ
- ಸಂಸ್ಕೃತಿ ಮತ್ತು ಮಾಧ್ಯಮದ ಇತಿಹಾಸ ಹಾಗೂ ಸಿದ್ಧಾಂತಗಳು
- ಯೋಜನಾ ನಿರ್ವಹಣೆ, ಆಯವ್ಯಯ ಸಿದ್ಧತೆ, ಅನುದಾನದ ಅರ್ಜಿ
- ಕೃತಿಸ್ವಾಮ್ಯ ಮತ್ತು ಕರಾರುಗಳ ಕಾನೂನು
- ಸಂಸ್ಥೆಗಳಲ್ಲಿ ತರಬೇತಿ ಹಾಗೂ ಅಂತಿಮ ವರ್ಷದ ತಂಡ ಯೋಜನೆ

ಮೌಲ್ಯಮಾಪನದಲ್ಲಿ ಲಿಖಿತ ಪರೀಕ್ಷೆಗಿಂತ ಪೋರ್ಟ್‌ಫೋಲಿಯೊ, ಪ್ರಬಂಧ ಮತ್ತು ಪ್ರದರ್ಶನಗಳಿಗೆ ಹೆಚ್ಚಿನ ಪ್ರಾಶಸ್ತ್ಯವಿರುತ್ತದೆ.

ಕೃತಿಸ್ವಾಮ್ಯದ ಬೋಧನೆಗೆ ಪ್ರಾಯೋಗಿಕ ಮಹತ್ವವಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ರಚಿಸಿದ ಕೃತಿಯ ಮೊದಲ ಒಡೆತನ ಸಾಮಾನ್ಯವಾಗಿ ಉದ್ಯೋಗದಾತನದು. 2012ರ ತಿದ್ದುಪಡಿಯು ಚಲನಚಿತ್ರಗೀತೆಗಳ ರಚನಕಾರರು ಮತ್ತು ಸಂಗೀತ ಸಂಯೋಜಕರಿಗೆ, ಚಿತ್ರಮಂದಿರದ ಪ್ರದರ್ಶನದ ಹೊರಗಿನ ಬಳಕೆಯಿಂದ ಬರುವ ಗೌರವಧನದಲ್ಲಿ ಪಾಲು ಪಡೆಯುವ ಹಕ್ಕನ್ನು ಭದ್ರಪಡಿಸಿತು. ಕರಾರಿಗೆ ಸಹಿ ಹಾಕುವ ಮುನ್ನ ಇಂತಹ ನಿಯಮಗಳನ್ನು ಅರಿಯದ ಕಲಾವಿದನು ತನ್ನ ಕೃತಿಯ ಆದಾಯವನ್ನೇ ಕಳೆದುಕೊಳ್ಳಬಹುದು.

ಉದ್ಯೋಗ

ಕ್ವೀನ್ಸ್‌ಲ್ಯಾಂಡ್‌ನ ಸಂಶೋಧಕರು ಉದ್ಯೋಗವನ್ನು ಅಳೆಯಲು ‘ಸೃಜನಶೀಲ ತ್ರಿಶೂಲ’ ಎಂಬ ಮಾದರಿಯನ್ನು ರೂಪಿಸಿದರು. ಸೃಜನಶೀಲ ಸಂಸ್ಥೆಗಳಲ್ಲಿ ದುಡಿಯುವ ಕಲಾವಿದರು, ಅದೇ ಸಂಸ್ಥೆಗಳ ಲೆಕ್ಕಪತ್ರ ಮತ್ತು ಆಡಳಿತ ಸಿಬ್ಬಂದಿ, ಬ್ಯಾಂಕ್ ಅಥವಾ ಆಸ್ಪತ್ರೆಯಂತಹ ಇತರ ವಲಯಗಳಲ್ಲಿರುವ ವಿನ್ಯಾಸಕಾರರು ಮತ್ತು ಬರಹಗಾರರು ಎಂಬುದು ಅದರ ಮೂರು ಕವಲುಗಳು. ಹೀಗಾಗಿ ಪದವೀಧರರ ಅವಕಾಶಗಳು ಸ್ಟುಡಿಯೊಗಳಿಗೆ ಮಾತ್ರ ಸೀಮಿತವಲ್ಲ. ಆದರೆ ಈ ಕ್ಷೇತ್ರದಲ್ಲಿ ಅಲ್ಪಾವಧಿಯ ಕರಾರು ಮತ್ತು ಸ್ವತಂತ್ರ ದುಡಿಮೆ ವ್ಯಾಪಕವಾಗಿವೆ.

ಟೀಕೆಗಳು

ಸಂಸ್ಕೃತಿಯನ್ನು ಮಾರುಕಟ್ಟೆಯ ಅಳತೆಗೋಲಿನಿಂದ ನೋಡಲಾಗುತ್ತಿದೆ ಎಂಬುದು ಮುಖ್ಯ ಆಕ್ಷೇಪ. ಬ್ರಿಟಿಷ್ ವಿದ್ವಾಂಸರಾದ ಡೇವಿಡ್ ಹೆಸ್ಮಂಡಾಲ್ಗ್ ಮತ್ತು ಏಂಜೆಲಾ ಮ್ಯಾಕ್‌ರಾಬಿ ಈ ವಲಯದ ಅಭದ್ರ ದುಡಿಮೆಯ ಕುರಿತು ಬರೆದಿದ್ದಾರೆ. ವೇತನವಿಲ್ಲದ ತರಬೇತಿಯನ್ನು ಸ್ಥಿತಿವಂತರ ಮಕ್ಕಳು ಮಾತ್ರ ಭರಿಸಬಲ್ಲರು ಎಂಬ ಟೀಕೆಯೂ ಇದೆ. ವೆಚ್ಚದ ಪ್ರಶ್ನೆ ಸರ್ಕಾರಿ ನೀತಿಯಲ್ಲಿಯೂ ವ್ಯಕ್ತವಾಗಿದೆ. 2021ರಲ್ಲಿ ಇಂಗ್ಲೆಂಡ್ ಕಲಾ ವಿಷಯಗಳಿಗೆ ಪ್ರತಿ ವಿದ್ಯಾರ್ಥಿಗೆ ನೀಡುತ್ತಿದ್ದ ಹೆಚ್ಚುವರಿ ವಾರ್ಷಿಕ ಅನುದಾನವನ್ನು 243 ಪೌಂಡ್‌ಗಳಿಂದ 121.50 ಪೌಂಡ್‌ಗಳಿಗೆ ಇಳಿಸಿತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಸಂವಹನ ವಿಷಯಗಳ ವಿದ್ಯಾರ್ಥಿ ಶುಲ್ಕ ವರ್ಷಕ್ಕೆ 14,500 ಡಾಲರ್‌ಗೆ ಏರಿತು.

ಭಾರತದಲ್ಲಿ

ಭಾರತದಲ್ಲಿ ಈ ಕ್ಷೇತ್ರಗಳ ಶಿಕ್ಷಣವು ಬಹುಮಟ್ಟಿಗೆ ಪ್ರತ್ಯೇಕ ಸಂಸ್ಥೆಗಳಲ್ಲಿ ಬೆಳೆಯಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ (1959), ಪುಣೆಯ ಚಲನಚಿತ್ರ ಸಂಸ್ಥೆ (1960) ಮತ್ತು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (1961) ಇದಕ್ಕೆ ನಿದರ್ಶನಗಳು. ಕರ್ನಾಟಕದಲ್ಲಿ ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿತು. ರಾಜ್ಯ ಸರ್ಕಾರವು 2012ರಲ್ಲಿ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ರೂಪಿಸಿತು.