ಜೈನ ಧರ್ಮದ ಪ್ರಾಚೀನತೆಗೆ ಸಾಕ್ಷಿ ಒದಗಿಸಿದ ಜರ್ಮನ್ ವಿದ್ವಾಂಸ ಹರ್ಮನ್ ಯಾಕೋಬಿ

ಜೈನ ಧರ್ಮವನ್ನು ಸ್ಥಾಪಿಸಿದವರು ಭಗವಾನ್ ಮಹಾವೀರರು ಎಂದು ಹೇಳುವವರು ಇಂದಿಗೂ ಇದ್ದಾರೆ. ನೂರೈವತ್ತು ವರ್ಷಗಳ ಹಿಂದೆ ಪರಿಸ್ಥಿತಿ ಇನ್ನೂ ಕಷ್ಟವಾಗಿತ್ತು. ಲಾಸೆನ್, ವೇಬರ್ ಮುಂತಾದ ಯುರೋಪಿನ ದೊಡ್ಡ ವಿದ್ವಾಂಸರು ಜೈನ ಧರ್ಮ ಬೌದ್ಧ ಧರ್ಮದ ಒಂದು ಕವಲು ಎಂದೇ ಬರೆದಿದ್ದರು. ಅಹಿಂಸೆ, ಮೂರ್ತಿಪೂಜೆ, ಜಿನ-ಅರ್ಹತ್ ಎಂಬ ಬಿರುದುಗಳು ಎರಡರಲ್ಲೂ ಇರುವುದೇ ಅವರಿಗೆ ಆಧಾರ.

ಈ ತಪ್ಪನ್ನು ತಿದ್ದಿದವರು ಹರ್ಮನ್ ಯಾಕೋಬಿ. ಇವರು ಜರ್ಮನಿಯ ಕಲೋನ್ ನಗರದಲ್ಲಿ 1850ರ ಫೆಬ್ರವರಿಯಲ್ಲಿ ಜನಿಸಿದರು. ಮೊದಲು ಗಣಿತ ಓದಿ, ನಂತರ ಸಂಸ್ಕೃತದ ಕಡೆಗೆ ತಿರುಗಿದರು. 1873-74ರಲ್ಲಿ ಇನ್ನೊಬ್ಬ ಜರ್ಮನ್ ವಿದ್ವಾಂಸ ಜಾರ್ಜ್ ಬ್ಯೂಲರ್ ಜೊತೆ ರಾಜಸ್ಥಾನಕ್ಕೆ ಬಂದು, ಜೈಸಲ್ಮೇರಿನ ಜೈನ ಗ್ರಂಥಭಂಡಾರದ ಹಸ್ತಪ್ರತಿಗಳನ್ನು ನೋಡಿದರು. 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿ ಪ್ರಕಟಿಸಿದರು. ಆಚಾರಾಂಗ ಮತ್ತು ಕಲ್ಪಸೂತ್ರದ ಇಂಗ್ಲಿಷ್ ಅನುವಾದ 1884ರಲ್ಲಿ, ಉತ್ತರಾಧ್ಯಯನ ಮತ್ತು ಸೂತ್ರಕೃತಾಂಗದ ಅನುವಾದ 1895ರಲ್ಲಿ ಹೊರಬಂದವು.

ಯಾಕೋಬಿ ಜೈನ ಗ್ರಂಥಗಳನ್ನಷ್ಟೇ ನಂಬಿ ವಾದ ಮಾಡಲಿಲ್ಲ. ಬೌದ್ಧರ ಪಾಲಿ ಗ್ರಂಥಗಳನ್ನೇ ಸಾಕ್ಷಿಗೆ ಕರೆದರು. ಎದುರು ಅಂಗಡಿಯವರ ಹಳೆಯ ಲೆಕ್ಕದ ಪುಸ್ತಕದಲ್ಲಿ ನಮ್ಮ ಅಂಗಡಿಯ ಹೆಸರಿದ್ದರೆ, ನಾವು ಆಗಲೇ ವ್ಯಾಪಾರದಲ್ಲಿದ್ದೆವು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲವಲ್ಲ!

ಆ ಗ್ರಂಥಗಳಲ್ಲಿ ‘ನಿಗಂಠ ನಾತಪುತ್ತ’ ಎಂಬ ಗುರುವಿನ ಹೆಸರು ಮತ್ತೆ ಮತ್ತೆ ಬರುತ್ತದೆ. ನಿಗಂಠ ಎಂದರೆ ನಿರ್ಗ್ರಂಥ, ನಾತಪುತ್ತ ಎಂದರೆ ಜ್ಞಾತೃ ವಂಶದವರು, ಅಂದರೆ ಭಗವಾನ್ ಮಹಾವೀರರೇ. ಬುದ್ಧರು ಶಾಕ್ಯ ವಂಶದವರು. ಮಹಾವೀರರು ಪಾವಾದಲ್ಲಿ ದೇಹ ಬಿಟ್ಟ ಸಂಗತಿಯೂ ಅಲ್ಲಿದೆ. ಆದ್ದರಿಂದ ಇಬ್ಬರೂ ಸಮಕಾಲೀನರು, ಬೇರೆ ಬೇರೆ ಸಂಘಗಳ ನಾಯಕರು ಎಂದು ಯಾಕೋಬಿ ತೋರಿಸಿದರು.

ಅಲ್ಲಿಗೇ ನಿಲ್ಲಲಿಲ್ಲ. ಪಾಲಿ ಗ್ರಂಥದಲ್ಲಿ ನಿರ್ಗ್ರಂಥರ ‘ಚಾತುಯಾಮ’ದ, ಅಂದರೆ ನಾಲ್ಕು ಸಂಯಮಗಳ, ಮಾತಿದೆ. ಮಹಾವೀರರು ಬೋಧಿಸಿದ್ದು ಐದು ವ್ರತ. ನಾಲ್ಕು ವ್ರತಗಳು 23ನೇ ತೀರ್ಥಂಕರ ಭಗವಾನ್ ಪಾರ್ಶ್ವನಾಥರವು ಎಂದು ಉತ್ತರಾಧ್ಯಯನದ ಕೇಶಿ-ಗೌತಮ ಸಂವಾದ ಹೇಳುತ್ತದೆ. ಹಾಗಾಗಿ ಪಾರ್ಶ್ವನಾಥರು ಐತಿಹಾಸಿಕ ವ್ಯಕ್ತಿ, ಮಹಾವೀರರು ಮೊದಲೇ ಇದ್ದ ಧರ್ಮವನ್ನು ಮುನ್ನಡೆಸಿದವರು ಎಂಬುದು ಅವರ ತೀರ್ಮಾನ.

ಯಾಕೋಬಿ ಬಳಸಿದ ಆಗಮಗಳು ಶ್ವೇತಾಂಬರ ಪರಂಪರೆಯವು, ದಿಗಂಬರರು ಅವುಗಳನ್ನು ಮೂಲ ಆಗಮಗಳೆಂದು ಒಪ್ಪುವುದಿಲ್ಲ. ಆದರೆ ಬೌದ್ಧ ಗ್ರಂಥಗಳ ಸಾಕ್ಷಿ ಎರಡೂ ಪಂಥಗಳಿಗೆ ಸಮಾನವಾಗಿ ಉಪಯುಕ್ತ.

ಇದು ಪಂಡಿತರ ಚರ್ಚೆ ಮಾತ್ರವಲ್ಲ. ದತ್ತು, ಆಸ್ತಿ ಹಕ್ಕಿನಂಥ ವ್ಯಾಜ್ಯಗಳಲ್ಲಿ ಜೈನರು ಯಾರು ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಬಂತು. 1927ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಯವರು, ಜೈನರು ಹಿಂದೂ ಧರ್ಮದಿಂದ ಒಡೆದು ಹೋದವರಲ್ಲ ಎಂಬುದನ್ನು ಆಧುನಿಕ ಸಂಶೋಧನೆ ತೋರಿಸಿದೆ ಎಂದು ಅಭಿಪ್ರಾಯಪಟ್ಟರು.

1913-14ರಲ್ಲಿ ಮತ್ತೆ ಭಾರತಕ್ಕೆ ಬಂದ ಯಾಕೋಬಿಯವರಿಗೆ ಜೈನ ಸಮಾಜ ‘ಜೈನ ದರ್ಶನ ದಿವಾಕರ’ ಎಂಬ ಬಿರುದು ನೀಡಿ ಗೌರವಿಸಿತು. ಬಾನ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದ ಅವರು 1937ರಲ್ಲಿ ಅದೇ ಊರಿನಲ್ಲಿ ನಿಧನರಾದರು.

ತಲೆಮಾರುಗಳಿಂದ ತಾಳೆಗರಿ, ಕಾಗದದ ಪ್ರತಿಗಳನ್ನು ಭಂಡಾರಗಳಲ್ಲಿ ಜೋಪಾನ ಮಾಡಿದ ಶ್ರಾವಕರು ಇಲ್ಲದಿದ್ದರೆ ಯಾಕೋಬಿಗೆ ಓದಲು ಏನೂ ಸಿಗುತ್ತಿರಲಿಲ್ಲ. ನಮ್ಮ ಬಸದಿ, ಮಠ, ಮನೆಗಳ ಅಟ್ಟದಲ್ಲಿರುವ ಕಟ್ಟುಗಳನ್ನು ಗೆದ್ದಲಿಗೆ ಬಿಡದೆ ಕಾಪಾಡುವುದು ಈಗ ನಮ್ಮ ಸರದಿ.