ಗಾಳಿಯಲ್ಲಿ ನಿಲ್ಲುವ ಕೆಲಸ

ರಾಮನಾಥಪುರದಲ್ಲಿ ಷಷ್ಠಿಯ ತೇರು ಎಳೆದು, ಜಾತ್ರೆಯ ಅಂಗಡಿಗಳು ಗಂಟುಮೂಟೆ ಕಟ್ಟಿ, ಹೊಲದಲ್ಲಿ ರಾಗಿ ಕೊಯ್ಲೂ ಮುಗಿದ ಮೇಲೆ ನನ್ನ ಹೆಲಿಕಾಪ್ಟರಿನ ಕಾಲ ಬರುತ್ತದೆ. ಜನವರಿಯಿಂದ ಯುಗಾದಿಯವರೆಗೆ ನೆಲ ಒಣಗಿ ಗಟ್ಟಿಯಾಗಿರುತ್ತದೆ. ಬೆಳಿಗ್ಗೆ ಮಂಜು ಕರಗಿ ಬಿಸಿಲು ಬಲಿಯುವ ತನಕ ಕಾವೇರಿಯ ಕಡೆಯಿಂದ ಎಲೆ ಅಲುಗುವಷ್ಟೂ ಗಾಳಿ ಬರುವುದಿಲ್ಲ. ತಂಬಾಕು ಬ್ಯಾರನ್ನಿನ ಹಿಂದಿನ ಹೊಲ ಅದಕ್ಕೆ ಸರಿಯಾದ ಜಾಗ. ಯಂತ್ರ ಜಪಾನಿನ ಹಿರೋಬೋ ಕಂಪನಿಯ ಷಟಲ್, 1980ರ ದಶಕದ ವಿನ್ಯಾಸ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು ನಾಲ್ಕಡಿ. ಎಂಜಿನ್ ಐದು ಸಿ.ಸಿ.ಯದು. ರೆಕ್ಕೆ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ ಒಂಬತ್ತು ಹತ್ತು ಸುತ್ತು ಬಂದಿರುತ್ತದೆ.

ಮದುವೆ ಮನೆಯಲ್ಲಿ ಡ್ರೋನ್ ಹಾರುವುದನ್ನು ಈಗ ಎಲ್ಲರೂ ನೋಡಿದ್ದಾರೆ. ಹಾರಿಸುವ ಹುಡುಗ ಎರಡೂ ಕೈ ಬಿಟ್ಟು ಫೋನಿನಲ್ಲಿ ಮಾತಾಡುತ್ತಿದ್ದರೂ ಅದು ಚಪ್ಪರದ ಮೇಲೆ ನಿಂತ ಕಡೆಯೇ ನಿಂತಿರುತ್ತದೆ. ಅದರೊಳಗೆ ಉಪಗ್ರಹದಿಂದ ಸ್ಥಳ ತಿಳಿಯುವ ಚಿಪ್ ಇದೆ, ಓಲಾಟ ಅಳೆಯುವ ಸೆನ್ಸರುಗಳಿವೆ, ಲೆಕ್ಕ ಹಾಕುವ ಕಂಪ್ಯೂಟರ್ ಇದೆ. ಷಟಲ್‌ನಲ್ಲಿ ಇದ್ಯಾವುದೂ ಇಲ್ಲ. ಅದು ಒಂದು ಕಡೆ ನಿಂತಿದೆ ಎಂದರೆ ಕೆಳಗೆ ನಿಂತವನ ಎರಡು ಹೆಬ್ಬೆರಳು ಅದನ್ನು ನಿಲ್ಲಿಸಿವೆ ಎಂದರ್ಥ. ಹಳೆಯ ರಿಮೋಟ್ ಹೆಲಿಕಾಪ್ಟರುಗಳನ್ನು ನೆನೆದು ನನ್ನ ವಯಸ್ಸಿನವರು ಕಣ್ಣರಳಿಸುವುದು ಅವು ಎಷ್ಟು ಎತ್ತರ ಹೋಗುತ್ತಿದ್ದವು, ಎಷ್ಟು ವೇಗವಾಗಿ ಹೋಗುತ್ತಿದ್ದವು ಎಂದಲ್ಲ. ಅವುಗಳನ್ನು ಕಣ್ಣಿನ ಮಟ್ಟದಲ್ಲಿ ಅಲುಗದೆ ನಿಲ್ಲಿಸುವುದನ್ನು ನಾವು ಕಲಿತಿದ್ದೆವು, ಅದಕ್ಕೆ.

ಅದೇಕೆ ಅಷ್ಟು ಕಷ್ಟ? ಯಂತ್ರ ಸ್ವಲ್ಪ ಮೇಲೇರಲಿ ಎಂದು ಕಡ್ಡಿ ತಳ್ಳಿದರೆ ರೆಕ್ಕೆಗಳ ಓರೆ ಹೆಚ್ಚುತ್ತದೆ. ಓರೆ ಹೆಚ್ಚಿದರೆ ಗಾಳಿಯ ತಡೆ ಹೆಚ್ಚಿ, ಎಂಜಿನ್ ಹೆಚ್ಚು ಶ್ರಮಪಡುತ್ತದೆ. ಎಂಜಿನ್ ರೆಕ್ಕೆಯನ್ನು ಎಷ್ಟು ಬಲವಾಗಿ ಒಂದು ಕಡೆಗೆ ತಿರುಗಿಸುತ್ತದೋ ಅಷ್ಟೇ ಬಲವಾಗಿ ಒಡಲು ಇನ್ನೊಂದು ಕಡೆಗೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಬಾಲದ ಪುಟ್ಟ ರೋಟಾರ್. ಈಗ ಅದಕ್ಕೂ ಹೆಚ್ಚು ಬಲ ಕೊಡಬೇಕು. ಆ ರೋಟಾರ್ ಬಾಲವನ್ನು ತಡೆಯುವುದರ ಜೊತೆಗೆ ಇಡೀ ಯಂತ್ರವನ್ನೇ ಪಕ್ಕಕ್ಕೆ ನೂಕುತ್ತದೆ. ಆ ನೂಕು ತಡೆಯಲು ಮೇಲಿನ ರೆಕ್ಕೆಯ ತಟ್ಟೆಯನ್ನು ಎದುರು ದಿಕ್ಕಿಗೆ ಒಂದು ಚೂರು ವಾಲಿಸಬೇಕು. ವಾಲಿಸಿದರೆ ಎತ್ತುವ ಬಲ ಸ್ವಲ್ಪ ಸೋರಿ ಯಂತ್ರ ಇಳಿಯುತ್ತದೆ. ಮತ್ತೆ ಮೊದಲ ಕಡ್ಡಿ. ಒಂದನ್ನು ಮುಟ್ಟಿದರೆ ಉಳಿದ ಮೂರೂ ಕದಲುತ್ತವೆ. ಈ ಸುತ್ತು ಒಂದೊಂದು ಸೆಕೆಂಡಿಗೂ ನಡೆಯುತ್ತಲೇ ಇರುತ್ತದೆ. ತಲೆಯಿಂದ ಯೋಚಿಸಿ ಮಾಡುವಷ್ಟು ಪುರುಸೊತ್ತು ಅಲ್ಲಿಲ್ಲ, ಬೆರಳಿಗೇ ಬರಬೇಕು.

ರೆಕ್ಕೆಯ ಮೇಲೆ ಅಡ್ಡಲಾಗಿ ಒಂದು ಉಕ್ಕಿನ ಸರಳು, ಅದರ ಎರಡು ತುದಿಗೆ ಅಂಗೈಯಗಲದ ಎರಡು ಹಲಗೆ. ಹಳೆಯ ಹೆಲಿಕಾಪ್ಟರನ್ನು ದೂರದಿಂದಲೇ ಗುರುತು ಹಿಡಿಯುವುದು ಇದರಿಂದ. ನಾವು ಅದಕ್ಕೆ ಫ್ಲೈಬಾರ್ ಎನ್ನುತ್ತೇವೆ. ಜೋರಾಗಿ ತಿರುಗುವ ಬುಗುರಿಯನ್ನು ಬೆರಳಿಂದ ಮುಟ್ಟಿದರೆ ಅದು ನೂಕಿದ ಕಡೆಗೆ ಬೀಳದೆ ಅಡ್ಡಕ್ಕೆ ವಾಲುತ್ತದಲ್ಲ, ಈ ಸರಳೂ ಹಾಗೇ ತನ್ನ ಪಾತಳಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಗಾಳಿ ಬಡಿದು ಒಡಲು ವಾಲಿದರೂ ಸರಳು ಹಳೆಯ ಮಟ್ಟದಲ್ಲೇ ತಿರುಗುತ್ತ ರೆಕ್ಕೆಗಳನ್ನು ಸರಿ ದಾರಿಗೆ ಎಳೆಯುತ್ತದೆ. ಇದೇ ಗುಣದಿಂದಾಗಿ ಯಂತ್ರ ಮುಂದಕ್ಕೆ ಬಾಗಬೇಕಾದರೆ ರೆಕ್ಕೆಗೆ ಆಜ್ಞೆಯನ್ನು ಕಾಲು ಸುತ್ತು ಮೊದಲೇ, ಅಂದರೆ ಪಕ್ಕದಲ್ಲಿರುವಾಗಲೇ, ಕೊಡಬೇಕು. ಈ ಲೆಕ್ಕವನ್ನೆಲ್ಲ ಸ್ವಾಶ್‌ಪ್ಲೇಟ್ ಎಂಬ ಎರಡು ತಟ್ಟೆ, ಕೆಲವು ಕಡ್ಡಿ, ಕೆಲವು ಗುಂಡುಕೀಲುಗಳು ಸೇರಿ ಮಾಡಿಬಿಡುತ್ತವೆ. ಕಂಪ್ಯೂಟರ್ ಇಲ್ಲದ ಆ ಜೋಡಣೆಯನ್ನು ಕೈಯಲ್ಲಿ ಹಿಡಿದು ಅಲುಗಿಸಿ ನೋಡುವುದೇ ಒಂದು ಸಂತೋಷ.

ಇದರ ಹಿಂದಿನ ಕತೆ ನನಗೆ ಬಹಳ ಪ್ರಿಯ. ಅಮೆರಿಕದ ಆರ್ಥರ್ ಯಂಗ್ 1928ರಿಂದ ಹನ್ನೆರಡು ಹದಿಮೂರು ವರ್ಷ ಪೆನ್ಸಿಲ್ವೇನಿಯಾದಲ್ಲಿ ಪುಟ್ಟ ಪುಟ್ಟ ಮಾದರಿ ಹೆಲಿಕಾಪ್ಟರುಗಳನ್ನೇ ಮಾಡುತ್ತಿದ್ದರು. ಮಾದರಿಗಳು ಹಾರುತ್ತಿದ್ದವು, ಉರುಳುತ್ತಿದ್ದವು. ರೆಕ್ಕೆಗೆ ಅಡ್ಡಲಾಗಿ ತೂಕದ ಸರಳು ಕಟ್ಟಿದ ಮೇಲೆ ಮಾದರಿ ಗಾಳಿಯಲ್ಲಿ ನಿಂತಿತು. ವಿದ್ಯುತ್ ಮೋಟರಿನ ಆ ಮಾದರಿಯನ್ನೇ ಅವರು 1941ರಲ್ಲಿ ಬೆಲ್ ಕಂಪನಿಯವರಿಗೆ ಹಾರಿಸಿ ತೋರಿಸಿದರು. ಅದರಿಂದ ಹುಟ್ಟಿದ ಬೆಲ್ 47, 1946ರಲ್ಲಿ, ನಾಗರಿಕ ಬಳಕೆಗೆ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರ್ ಆಯಿತು. ಸರಳಿನ ತುದಿಗೆ ಹಲಗೆಗಳನ್ನು ಸೇರಿಸಿದ್ದು ಇನ್ನೊಬ್ಬ ಹೆಲಿಕಾಪ್ಟರ್ ವಿನ್ಯಾಸಕ ಸ್ಟ್ಯಾನ್ಲಿ ಹಿಲ್ಲರ್. ಮಾದರಿ ಎಂದರೆ ದೊಡ್ಡದರ ನಕಲು ಎಂದುಕೊಂಡವರಿಗೆ ಈ ಇತಿಹಾಸ ಹೇಳಬೇಕು: ಇಲ್ಲಿ ಮೊದಲು ನಿಂತದ್ದು ಮಾದರಿಯೇ.

ರೇಡಿಯೊದಿಂದ ನಡೆಸುವ ಹೆಲಿಕಾಪ್ಟರ್ ಹವ್ಯಾಸಿಗಳ ಕೈಗೆ ಬರಲು ಇನ್ನೂ ಕಾಲ ಹಿಡಿಯಿತು. ಪಶ್ಚಿಮ ಜರ್ಮನಿಯ ಡೀಟರ್ ಶ್ಲೂಟರ್ 1960ರ ದಶಕದ ಕೊನೆಯಲ್ಲಿ ಅದನ್ನು ಸಾಧಿಸಿದರು. 1970ರ ಹೊತ್ತಿಗೆ ಅವರ ಹ್ಯೂಯಿ ಕೋಬ್ರಾ ನೆಚ್ಚಬಹುದಾದಂತೆ ಹಾರುತ್ತಿತ್ತು. ಆಮೇಲೆ ಅವರ ಹೆಲಿ ಬೇಬಿ, ಹೆಲಿ ಬಾಯ್, ಕವಾನ್ ಅವರ ಜೆಟ್ ರೇಂಜರ್ ಬಂದವು, ಕೊನೆಗೆ ಜಪಾನಿನ ಷಟಲ್, ಕಾನ್ಸೆಪ್ಟ್ 30. ಮೊದಮೊದಲಿನವುಗಳಲ್ಲಿ ಬಾಲ ಹಿಡಿಯಲು ಗೈರೋ ಕೂಡ ಇರಲಿಲ್ಲ.

ನಾನು ಹೆಲಿ ಹಿಡಿದದ್ದು ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಕೆಲಸಕ್ಕಿದ್ದಾಗ. ಅದಕ್ಕೂ ಮೊದಲು ಎನ್‌ಸಿಸಿಯ ಏರ್ ವಿಂಗ್‌ನಲ್ಲಿ ದಾರ ಕಟ್ಟಿ ಸುತ್ತು ಹಾರಿಸುವ ವಿಮಾನ ಗೊತ್ತಿತ್ತು, ಅದಕ್ಕೆ ಹಾಕುತ್ತಿದ್ದ ಕಲ್ಕತ್ತದ ಅರೋರಾ ಎಂಜಿನ್ ಗೊತ್ತಿತ್ತು. ಬೆಂಗಳೂರಿನ ಆಕಾಶದಲ್ಲಿ ಎಚ್‌ಎಎಲ್‌ನ ಚೇತಕ್ ದಿನವೂ ಹಾರುತ್ತಿತ್ತು. ಅಲ್ಲಿ ಜೋಡಿಸಿದ ಮೊದಲ ಚೇತಕ್ ಹಾರಿದ್ದು 1965ರಲ್ಲಿ, ಆ ಕಾರ್ಖಾನೆಯದೇ ವಿನ್ಯಾಸದ ಧ್ರುವ್ ಹಾರಿದ್ದು 1992ರಲ್ಲಿ. ದೊಡ್ಡದು ಇಲ್ಲೇ ತಯಾರಾಗುತ್ತಿದ್ದ ಊರಿನಲ್ಲಿ ಚಿಕ್ಕದರ ಒಂದು ಸ್ಕ್ರೂ ಸಿಗುತ್ತಿರಲಿಲ್ಲ. ಯಂತ್ರ ತರಬೇತಿಗೆಂದು ಜಪಾನಿಗೆ ಹೋದ ಸಹೋದ್ಯೋಗಿಯೊಬ್ಬರು ಸೂಟ್‌ಕೇಸಿನಲ್ಲಿ ಷಟಲ್‌ನ ಪೆಟ್ಟಿಗೆ ತಂದರು. ಮುರಿದ ಭಾಗಗಳನ್ನೆಲ್ಲ ನಾವೇ ಮಾಡಬೇಕಿತ್ತು. ಸ್ಪಿಂಡಲ್‌ಗಳನ್ನು ಲೇತಿನಲ್ಲಿ ತಿರುವುತ್ತಿದ್ದೆ. ರೆಕ್ಕೆಗೆ ಮುಂದಿನ ಅಂಚು ಗಟ್ಟಿ ಮರ, ಹಿಂದಿನದು ಹಗುರ ಬಾಲ್ಸಾ. ತೂಕ ಮುಂದಿನ ಅಂಚಿಗೆ ಇರದಿದ್ದರೆ ರೆಕ್ಕೆ ನಡುಗಿ ಚೂರಾಗುತ್ತದೆ. ಎರಡು ರೆಕ್ಕೆಯ ತುದಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿ, ತಿರುಗುವಾಗ ಒಬ್ಬರು ದೂರದಲ್ಲಿ ಕೂತು ಕಣ್ಣಿನ ಮಟ್ಟದಲ್ಲಿ ನೋಡಿ, ಕೆಂಪು ಮೇಲೆ, ನೀಲಿ ಕೆಳಗೆ ಎಂದು ಕೂಗಬೇಕು. ಇದಕ್ಕೆ ಟ್ರ್ಯಾಕಿಂಗ್ ಎನ್ನುತ್ತಾರೆ. ಎರಡು ಬಣ್ಣ ಒಂದೇ ಗೆರೆಯಲ್ಲಿ ಕೂಡಿದಾಗ ಯಂತ್ರದ ನಡುಕವೂ ನಿಲ್ಲುತ್ತದೆ.

ಕಲಿಯುವವರು ಹೆಲಿಯ ಕಾಲಿಗೆ ಎರಡು ಬಿದಿರು ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ತುದಿಗೆ ಪ್ಲಾಸ್ಟಿಕ್ ಚೆಂಡು ಸಿಕ್ಕಿಸಿಕೊಳ್ಳುತ್ತಾರೆ. ವಾಲಿದರೂ ರೆಕ್ಕೆ ನೆಲಕ್ಕೆ ಬಡಿಯಬಾರದಲ್ಲ. ಮೊದಲು ಬಾಲ ತನ್ನ ಕಡೆ ಇಟ್ಟುಕೊಂಡು ನೆಲ ಬಿಟ್ಟು ಒಂದು ಗೇಣು ಎದ್ದು ಇಳಿಯುವುದು. ತಿಂಗಳುಗಟ್ಟಲೆ ಅಷ್ಟೇ. ಆಮೇಲೆ ಪಕ್ಕ ತಿರುಗಿಸಿ ನಿಲ್ಲಿಸುವುದು, ಕಟ್ಟಕಡೆಗೆ ಮೂತಿ ನಮ್ಮ ಕಡೆ ಮಾಡಿ. ಆಗ ಎಡ ಬಲ ಎಲ್ಲವೂ ತಿರುಗುಮುರುಗು. ಬೆಂಗಳೂರಿನ ಅಂಚಿನ ಬತ್ತಿದ ಕೆರೆಯಂಗಳಗಳೇ ನಮ್ಮ ಶಾಲೆ. ಆ ಅಂಗಳಗಳಲ್ಲಿ ಈಗ ಅಪಾರ್ಟ್‌ಮೆಂಟ್‌ಗಳಿವೆ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ.

ಕ್ರಿಸ್ಟಲ್ ಹಾಕುವ ರೇಡಿಯೊ ಸೆಟ್‌ಗಳ ಕಾಲ ಅದು. ಒಂದೇ ತರಂಗದ ಮೇಲೆ ಇಬ್ಬರು ಸೆಟ್ ಚಾಲೂ ಮಾಡಿದರೆ ಗಾಳಿಯಲ್ಲಿರುವ ಯಂತ್ರ ಯಾರ ಮಾತನ್ನೂ ಕೇಳುವುದಿಲ್ಲ. ಅದಕ್ಕೇ ಮೈದಾನಕ್ಕೊಂದು ಹಲಗೆ, ಹಲಗೆಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಒಂದೊಂದರ ಮೇಲೆ ಒಂದೊಂದು ತರಂಗದ ನಂಬರು. ಕ್ಲಿಪ್ ಕೈಯಲ್ಲಿದ್ದವನು ಮಾತ್ರ ಸೆಟ್ ಚಾಲೂ ಮಾಡಬಹುದು. ಕ್ಲಿಪ್ ತೆಗೆದುಕೊಳ್ಳದೆ ಯಾರೋ ಸ್ವಿಚ್ ಒತ್ತಿದ್ದರಿಂದ ಸ್ನೇಹಿತರೊಬ್ಬರ ಹೊಸ ಹೆಲಿ ನಮ್ಮ ಕಣ್ಣೆದುರೇ ನೆಲಕ್ಕೆ ಬಿದ್ದು ಪುಡಿಯಾಯಿತು. ಅವರು ಮತ್ತೆ ಹಾರಿಸಲೇ ಇಲ್ಲ. 2.4 ಗಿಗಾಹರ್ಟ್ಸ್‌ನ ಸೆಟ್‌ಗಳು ಬಂದ ಮೇಲೆ ಈ ಭಯ ಹೋಯಿತು. ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ನನ್ನ ಷಟಲ್‌ಗೂ ಈಗ ಹೊಸ ಸೆಟ್ಟೇ ಹಾಕಿದ್ದೇನೆ.

ಆದರೆ ಇಂಧನ ಬದಲಾಗಿಲ್ಲ. ಮೆಥನಾಲ್ ಮತ್ತು ಹರಳೆಣ್ಣೆ. ಮೆಥನಾಲ್‌ನಲ್ಲಿ ಖನಿಜ ಎಣ್ಣೆ ಕರಗುವುದಿಲ್ಲ, ಹರಳೆಣ್ಣೆ ಕರಗುತ್ತದೆ, ಎಷ್ಟು ಕಾದರೂ ಜಾರುಗುಣ ಬೇಗ ಬಿಡುವುದಿಲ್ಲ. ಎಂಜಿನ್ನಿಗೆ ಕಿಡಿ ಬೇಕಿಲ್ಲ. ಪ್ಲಗ್ಗಿನಲ್ಲಿರುವ ಪ್ಲಾಟಿನಂ ತಂತಿಯನ್ನು ಒಂದೂವರೆ ವೋಲ್ಟಿನ ಸೆಲ್ಲಿನಿಂದ ಕೆಂಪಗೆ ಕಾಯಿಸಿ ಚಾಲೂ ಮಾಡಿದರೆ, ಮುಂದೆ ಒಳಗಿನ ಒತ್ತಡದ ಬಿಸಿ ಮತ್ತು ಪ್ಲಾಟಿನಂ ಮೇಲೆ ಮೆಥನಾಲ್ ಉರಿಯುವ ಬಿಸಿಯಿಂದಲೇ ಅದು ಕೆಂಪಗಿರುತ್ತದೆ. ನಮ್ಮದು ಎತ್ತರದ ನಾಡು, ಗಾಳಿ ಸ್ವಲ್ಪ ತೆಳು. ಸಮುದ್ರದಂಡೆಯಲ್ಲಿ ಕೂಡಿಸಿದ ಇಂಧನದ ಸೂಜಿಯನ್ನು ಇಲ್ಲಿ ಒಂದೆರಡು ಕ್ಲಿಕ್ ಬಿಗಿ ಮಾಡಬೇಕು. ಸುಟ್ಟ ಹರಳೆಣ್ಣೆಯ ಹೊಗೆ ಹೊಲದ ಮೇಲೆ ಹರಡಿದಾಗ ನಮ್ಮ ಕಡೆಯ ಹಿರಿಯರು ತಾವಾಗಿಯೇ ಹತ್ತಿರ ಬಂದು ನಿಲ್ಲುತ್ತಾರೆ, ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದ ಕಾಲದ ಮಾತಾಡುತ್ತಾರೆ. ಮೆಥನಾಲ್ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ಅದು ವಿಷ, ಅದರ ಬೆಂಕಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿಯಲ್ಲಿ ಇದ್ದದ್ದೂ ಅದೇ. ಡಬ್ಬಿಗೆ ಬೀಗ ಹಾಕಿಯೇ ಇಡಬೇಕು.

ನಮ್ಮ ಹಾಸನ ಜಿಲ್ಲೆಗೂ ಹಾರುವುದಕ್ಕೂ ನಂಟು ಚಿಕ್ಕದಲ್ಲ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಮನೆತನದ ಜಮೀನು ಹೇಮಾವತಿ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತು. ಸೈನ್ಯದಿಂದ ಬಂದು ಜಾವಗಲ್ ಬಳಿ ಬೇಸಾಯ ಮಾಡಿದ ಅವರೇ 1997ರಲ್ಲಿ ಜಕ್ಕೂರಿನಿಂದ ಡೆಕ್ಕನ್ ಏವಿಯೇಷನ್‌ನ ಬಾಡಿಗೆ ಹೆಲಿಕಾಪ್ಟರ್ ಶುರು ಮಾಡಿದರು. ಚುನಾವಣೆ ಬಂದರೆ ಹೊಳೆನರಸೀಪುರ, ಅರಕಲಗೂಡಿನ ಶಾಲಾ ಮೈದಾನಗಳಲ್ಲಿ ಧೂಳೆಬ್ಬಿಸಿ ಇಳಿಯುವ ಹೆಲಿಕಾಪ್ಟರಿನ ಹಿಂದೆ ಓಡದ ಮಕ್ಕಳಿಲ್ಲ.

ಆದರೆ ನನ್ನ ಮನಸ್ಸಿಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಹಾಸನದ ಸಾಲಗಾಮೆ ರಸ್ತೆಯ ಬದಿಯಲ್ಲಿ ಆಕಾಶಕ್ಕೆ ಮುಖ ಮಾಡಿರುವ ದೊಡ್ಡ ದೊಡ್ಡ ಡಿಶ್‌ಗಳು. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಅಲ್ಲಿದೆ. ಸುಮಾರು 36,000 ಕಿಲೋಮೀಟರ್ ಮೇಲಿನ ಉಪಗ್ರಹ ನಮಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಅದು ತಾನಾಗಿ ನಿಲ್ಲುವುದಿಲ್ಲ. ಸೂರ್ಯ ಚಂದ್ರರ ಸೆಳೆತ ಅದನ್ನು ಉತ್ತರ ದಕ್ಷಿಣಕ್ಕೆ ಎಳೆಯುತ್ತದೆ, ಭೂಮಿ ಸರಿಯಾದ ಗುಂಡಗಿಲ್ಲದ್ದರಿಂದ ಪೂರ್ವ ಪಶ್ಚಿಮಕ್ಕೆ ಜರುಗುತ್ತದೆ. ಹಾಸನದಿಂದ ರೇಡಿಯೊ ಆಜ್ಞೆ ಹೋಗಿ, ಪುಟ್ಟ ಥ್ರಸ್ಟರುಗಳು ಉರಿದು, ಅದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಆಜ್ಞೆ ಮುಟ್ಟಿ ಉತ್ತರ ಬರಲು ಕಾಲು ಸೆಕೆಂಡು ಬೇಕು. ಆ ಕೇಂದ್ರ ನೋಡಿಕೊಂಡ ಮೊದಲ ಉಪಗ್ರಹ ಇನ್ಸಾಟ್-1ಎ ಏಪ್ರಿಲ್ 1982ರಲ್ಲಿ ಮೇಲೇರಿ, ತನ್ನ ನಿಲುವು ಕಾಯುವ ಇಂಧನ ಮುಗಿದು ಸೆಪ್ಟೆಂಬರಿನಲ್ಲೇ ಕೈತಪ್ಪಿತು. ಮರುವರ್ಷ ಬಂದ ಇನ್ಸಾಟ್-1ಬಿ ನಿಂತಿತು. ಊರೂರಿಗೆ ಟೀವಿ ಬಂದದ್ದು ಅದು ನಿಂತದ್ದರಿಂದ. ಹೊಲದಲ್ಲಿ ನನ್ನ ಹೆಬ್ಬೆರಳು ಮಾಡುವುದು, ಹಾಸನದ ಎಂಜಿನಿಯರುಗಳು ಮಾಡುವುದು ಗಾತ್ರದಲ್ಲಿ ಬೇರೆ ಇರಬಹುದು, ಜಾತಿ ಒಂದೇ: ಜಾರುತ್ತಿರುವುದನ್ನು ಮತ್ತೆ ಮತ್ತೆ ಸರಿಪಡಿಸುತ್ತ ಒಂದು ಕಡೆ ಹಿಡಿದಿಡುವುದು. ಶಾಲೆಯ ಮಕ್ಕಳು ಷಟಲ್ ನೋಡಲು ಬಂದಾಗ ನಾನು ಇದನ್ನೇ ಹೇಳುತ್ತೇನೆ. ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಹೊಸ ಹೆಲಿಗಳಲ್ಲಿ ಫ್ಲೈಬಾರ್ ಈಗ ಹೋಗಿದೆ. ಅದರ ಕೆಲಸವನ್ನು ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುತ್ತದೆ. ಎಂಜಿನ್ ಜಾಗಕ್ಕೆ ಲಿಥಿಯಂ ಬ್ಯಾಟರಿ ಮತ್ತು ಮೋಟರ್ ಬಂದಿದೆ. 2021ರ ಡ್ರೋನ್ ನಿಯಮಗಳು ಹವ್ಯಾಸದ ರಿಮೋಟ್ ಮಾದರಿಗಳನ್ನೂ ತಮ್ಮೊಳಗೆ ತಂದಿವೆ: ತೂಕ 25 ಕಿಲೋ ಮೀರಬಾರದು, ಯಂತ್ರ ಸದಾ ಹಾರಿಸುವವನ ಕಣ್ಣಳತೆಯಲ್ಲಿರಬೇಕು, ಹಾರಿಸುವ ಜಾಗ ಯಾವ ಬಣ್ಣದ ವಲಯದಲ್ಲಿದೆ ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಹಾರಿಸುವ ಮುಂಚೆ ನಿಯಮವನ್ನು ಪೂರ್ತಿ ಓದಿಕೊಳ್ಳಿ.

ಹಳೆಯ ಹೆಲಿ ಅಟ್ಟದ ಮೇಲೆ ಇಟ್ಟಿರುವವರು ಇನ್ನೂ ಇದ್ದಾರೆ. ಅವರಿಗೆ ನನ್ನ ಕೋರಿಕೆ: ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿಯಬೇಡಿ, ಹಾರಿಸಿ. ಮೊದಲು ಒಳಗಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ತೆಗೆಯಿರಿ, ಅದು ಸೋರಿದರೆ ತಂತಿಯೆಲ್ಲ ಕಪ್ಪಾಗಿ ಸಾಯುತ್ತದೆ. ಟ್ಯಾಂಕಿನಲ್ಲಿ ಹಳೆಯ ಇಂಧನ ಉಳಿದಿದ್ದರೆ ಚೆಲ್ಲಿ. ಮೆಥನಾಲ್ ಗಾಳಿಯ ತೇವ ಹೀರಿ ಬೇರಿಂಗಿಗೆ ತುಕ್ಕು ತರುತ್ತದೆ. ಅಂಟು ಹಿಡಿದ ಎಂಜಿನ್ನನ್ನು ಒತ್ತಾಯ ಮಾಡಿ ತಿರುಗಿಸದೆ ಸ್ವಲ್ಪ ಬಿಸಿ ಮಾಡಿ, ಗಟ್ಟಿಯಾದ ಹರಳೆಣ್ಣೆ ಕರಗಿ ತಾನೇ ಬಿಡುತ್ತದೆ. ಮರದ ಹಳೆಯ ರೆಕ್ಕೆಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಅದನ್ನು ಮತ್ತೆ ಹಾಕಬೇಡಿ. ನಿಮಿಷಕ್ಕೆ ಸಾವಿರದೈನೂರಕ್ಕೂ ಹೆಚ್ಚು ಸುತ್ತು ತಿರುಗುವ ರೆಕ್ಕೆ ಅದು, ಮೈಮೇಲೆ ಬಂದರೆ ಪ್ರಾಣಕ್ಕೇ ಅಪಾಯ. ಕಾಲದಿಂದ ಹೆಚ್ಚು ಹಾಳಾಗುವುದು ನೈಲಾನಿನ ದೊಡ್ಡ ಗೇರ್, ಹಲ್ಲು ಪೆಡಸಾಗಿ ಮುರಿಯುತ್ತವೆ. ನನ್ನದರಲ್ಲೂ ಎರಡು ಹಲ್ಲು ಹೋಗಿವೆ. ಹಾಸನದ ವರ್ಕ್‌ಶಾಪಿನ ಹುಡುಗನೊಬ್ಬ ಅದನ್ನು ಅಳೆದು ತ್ರೀಡಿ ಪ್ರಿಂಟರಿನಲ್ಲಿ ಹೊಸದು ತೆಗೆಯುತ್ತಿದ್ದಾನೆ. ಅದು ಭಾರ ತಡೆಯುತ್ತದೋ ಇಲ್ಲವೋ ಮೊದಲು ಬೆಂಚಿನ ಮೇಲೆ ಕಟ್ಟಿ ಓಡಿಸಿ ನೋಡಬೇಕು. ನಿಮ್ಮಲ್ಲಿ ಯಾರ ಬಳಿಯಾದರೂ ಷಟಲ್‌ನ ಅಸಲಿ ಗೇರ್ ಇದ್ದರೆ ಗುಜರಿಗೆ ಹಾಕಬೇಡಿ, ನನಗೆ ಬೇಕು.