ಹಸಿರು ವೈರು ಹೇಳುವ ಸುಳ್ಳು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಫುಟ್‌ಪಾತಿಗೆ ಒತ್ತಿ ನಿಲ್ಲಿಸಿದ್ದ ಕಾರಿನೊಳಗೆ ಫಿಟ್ಟರ್ ಹುಡುಗ ಅರ್ಧ ಮೈ ತೂರಿಸಿದ್ದ. ಗೆಳೆಯನ ಹಳೇ ಹ್ಯಾಚ್‌ಬ್ಯಾಕಿಗೆ ಟಚ್‌ಸ್ಕ್ರೀನ್ ಸ್ಟೀರಿಯೊ ಕೂರಿಸುವ ಕೆಲಸ. ಹಳದಿ ಬ್ಯಾಟರಿಗೆ, ಕೆಂಪು ಇಗ್ನಿಷನ್‌ಗೆ, ಕಪ್ಪು ಅರ್ತಿಗೆ ಎಂದು ಗೊಣಗುತ್ತಾ ವೈರುಗಳನ್ನು ಜೋಡಿಸುತ್ತಾ ಹೋದ. ಕೊನೆಗೆ ತಿಳಿಹಸಿರು ಬಣ್ಣದ್ದೊಂದು ಉಳಿಯಿತು. "ಇದು ಹ್ಯಾಂಡ್‌ಬ್ರೇಕಿಂದು ಸಾರ್, ಅರ್ತ್ ಮಾಡ್ಬಿಡ್ತೀನಿ" ಎಂದವನೇ, ನಾವು ಹೂಂ ಅನ್ನುವ ಮುಂಚೆಯೇ ಅದನ್ನೂ ಕಪ್ಪು ವೈರಿಗೆ ಹೆಣೆದು ಟೇಪು ಸುತ್ತಿದ. ಫೋನಿನ ಆ್ಯಪ್‌ಗಳನ್ನು ಕಾರಿನ ಪರದೆಗೆ ತರುವ ಆಂಡ್ರಾಯ್ಡ್ ಆಟೊ ತೆರೆದುಕೊಂಡಿತು. ಗೆಳೆಯ ಹಾಡು ಹುಡುಕತೊಡಗಿದ. ನನ್ನ ತಲೆಗೆ ಹತ್ತಿದ್ದು ಮಾತ್ರ ಆ ಹಸಿರು ವೈರು, ಇನ್ನೂ ಇಳಿದಿಲ್ಲ.

ಹ್ಯಾಂಡ್‌ಬ್ರೇಕ್ ಎಳೆದಾಗ ಅದರ ಬುಡದಲ್ಲಿರುವ ಸ್ವಿಚ್ಚು ವೈರನ್ನು ಕಾರಿನ ಲೋಹದ ಮೈಗೆ, ಅಂದರೆ ಅರ್ತಿಗೆ, ತಾಗಿಸುತ್ತದೆ. ಮೀಟರಿನಲ್ಲಿ ಕೆಂಪು ದೀಪ ಹತ್ತುವುದು ಅದರಿಂದಲೇ. ಸ್ಟೀರಿಯೊದ ಹಸಿರು ವೈರೂ ಅಲ್ಲಿಂದಲೇ ಸುದ್ದಿ ತರಬೇಕು: ತಾಗಿದ್ದರೆ ಗಾಡಿ ನಿಂತಿದೆ, ಬಿಟ್ಟಿದ್ದರೆ ಓಡುತ್ತಿರಬಹುದು. ಅದನ್ನು ಖಾಯಮ್ಮಾಗಿ ಅರ್ತಿಗೆ ಸೇರಿಸಿಬಿಟ್ಟರೆ, ತುಮಕೂರು ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಹೋಗುವಾಗಲೂ ಸ್ಟೀರಿಯೊ ಪಾಲಿಗೆ ಕಾರು ಹ್ಯಾಂಡ್‌ಬ್ರೇಕ್ ಹಾಕಿಕೊಂಡು ನಿಂತೇ ಇರುತ್ತದೆ.

ಅದರಿಂದೇನು ಅಂದರೆ, ಆಂಡ್ರಾಯ್ಡ್ ಆಟೊದ ಇಡೀ ವ್ಯವಸ್ಥೆ ನಿಂತಿರುವುದೇ ಆ ಒಂದು ಸುದ್ದಿಯ ಮೇಲೆ. ಪರದೆಯ ಮೇಲೆ ಕಾಣುವುದೆಲ್ಲ ಕಾರಿನದ್ದು ಎಂದುಕೊಂಡವರು ಬಹಳ. ಅಸಲಿಗೆ ನಕ್ಷೆ, ಹಾಡಿನ ಪಟ್ಟಿ, ಗುಂಡಿಗಳು ಎಲ್ಲವನ್ನೂ ಬಿಡಿಸುವುದು ಫೋನು. ಬಿಡಿಸಿದ್ದನ್ನು ವೀಡಿಯೊ ಮಾಡಿ ಯುಎಸ್‌ಬಿ ಕೇಬಲಿನಲ್ಲಿ ದಾಟಿಸುತ್ತದೆ. ನಾವು ಪರದೆ ಮುಟ್ಟಿದರೆ ಎಲ್ಲಿ ಮುಟ್ಟಿದೆವು ಎಂಬ ಗುರುತು ಮಾತ್ರ ಫೋನಿಗೆ ವಾಪಸು ಹೋಗುತ್ತದೆ. ವೈರ್‌ಲೆಸ್ ಆದರೆ ಬ್ಲೂಟೂತ್ ಪರಿಚಯ ಮಾಡಿಸಿ ಪಕ್ಕಕ್ಕೆ ಸರಿಯುತ್ತದೆ, ಚಿತ್ರ ಹೊರುವುದು ವೈಫೈ. ಲಾಂಗ್ ಡ್ರೈವಿನಲ್ಲಿ ಫೋನು ಕೈಸುಡುವಷ್ಟು ಕಾಯುವುದು, ಚಾರ್ಜಿಂಗಿಗಷ್ಟೇ ಆಗುವ ಅಗ್ಗದ ಕೇಬಲ್ ಹಾಕಿದರೆ ಏನೂ ಬರದಿರುವುದು ಇದಕ್ಕೇ. ಪರದೆ, ಸ್ಪೀಕರು, ಮೈಕು ಒದಗಿಸುವುದರ ಜೊತೆಗೆ ಕಾರಿನ ಕಡೆಯಿಂದ ಫೋನಿಗೆ ಹೋಗುವುದು ಒಂದಿಷ್ಟು ಚಾಡಿ: ಹೆಡ್‌ಲೈಟ್ ಹತ್ತಿದೆ, ನಕ್ಷೆ ಕಪ್ಪು ಮಾಡು, ಗಾಡಿ ಹೊರಟಿದೆ, ಕೀಬೋರ್ಡ್ ಮುಚ್ಚು.

ಇದರ ಚರಿತ್ರೆ ಚುಟುಕಾಗಿ. ಫೋನನ್ನು ಕಾರಿನ ಪರದೆಗೆ ತರಲು ನೋಕಿಯಾ ಬೀಜ ಬಿತ್ತಿದ ಮಿರರ್‌ಲಿಂಕ್ ಮೊದಲು ಬಂತು, ಹೆಸರು ಮಾಡದೆ ಹೋಯಿತು. 2013ರಲ್ಲಿ ಆ್ಯಪಲ್ 'ಐಒಎಸ್ ಇನ್ ದ ಕಾರ್' ಎಂದದ್ದು 2014ರ ಮಾರ್ಚಿನಲ್ಲಿ ಜಿನೀವಾ ಮೋಟಾರ್ ಶೋ ಹೊತ್ತಿಗೆ ಕಾರ್‌ಪ್ಲೇ ಆಯಿತು. ಅದೇ ಜೂನಿನಲ್ಲಿ ಗೂಗಲ್ ಆಂಡ್ರಾಯ್ಡ್ ಆಟೊ ತೋರಿಸಿತು. ಕಾರ್ಖಾನೆಯಿಂದಲೇ ಅದನ್ನು ಹೊತ್ತು ಬಂದ ಮೊದಲ ಕಾರು 2015ರ ಹುಂಡೈ ಸೊನಾಟಾ. ಆದರೆ ಅದಕ್ಕೂ ಕೆಲ ವಾರ ಮುಂಚೆಯೇ ಅಮೆರಿಕದಲ್ಲಿ ಪಯನೀರ್ ಕಂಪನಿಯ ಆಂಡ್ರಾಯ್ಡ್ ಆಟೊ ಸ್ಟೀರಿಯೊಗಳು ಮಾರಾಟಕ್ಕೆ ಬಂದಿದ್ದವು. ಈ ಕಥೆಯಲ್ಲಿ ಕಾರು ಕಂಪನಿಗಿಂತ ಸ್ಟೀರಿಯೊ ಅಂಗಡಿಯೇ ಮುಂದಿತ್ತು ಎನ್ನುವುದು, ಜೆ.ಸಿ. ರಸ್ತೆಯ ಅಭಿಮಾನಿಯಾದ ನನಗೆ, ಬಹಳ ಹಿತವಾದ ಸಂಗತಿ. 2023ರಲ್ಲಿ ಜನರಲ್ ಮೋಟಾರ್ಸ್ ತನ್ನ ಮುಂದಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಎರಡೂ ಇರುವುದಿಲ್ಲ ಎಂದಿತು. ಗಿರಾಕಿಯ ಕಣ್ಣು ಯಾರ ಪರದೆಯ ಮೇಲಿರಬೇಕು ಎಂಬ ಜಗಳ ಅದು, ಸುರಕ್ಷತೆಯ ಮಾತು ಆಮೇಲಿನದು.

ಫೋನಿನಲ್ಲಿರುವ ಆ್ಯಪ್‌ಗಳೆಲ್ಲ ಕಾರಿನ ಪರದೆಗೆ ಬರುವುದಿಲ್ಲ. ದಾರಿ, ಹಾಡು, ಮೆಸೇಜು, ಚಾರ್ಜಿಂಗ್, ಪಾರ್ಕಿಂಗ್ ತರಹದ ಕೆಲವು ಜಾತಿಗಳಿಗಷ್ಟೇ ಪ್ರವೇಶ. ದಾರಿ ತೋರಿಸುವವರು ತಮ್ಮ ನಕ್ಷೆಯನ್ನು ತಾವೇ ಬಿಡಿಸಬಹುದು. ಉಳಿದವರಲ್ಲಿ ಬಹುಪಾಲಿನವರು ಗೂಗಲ್ ಅಥವಾ ಆ್ಯಪಲ್ ಕೊಟ್ಟ ಅಚ್ಚಿನಲ್ಲೇ ತಮ್ಮ ಪಟ್ಟಿ ತುಂಬಬೇಕು. ಗಾಡಿ ಓಡುವಾಗ ಪಟ್ಟಿ ಒಂದು ಹಂತದ ಮೇಲೆ ಸರಿಯುವುದಿಲ್ಲ. ವಾಟ್ಸ್‌ಆ್ಯಪ್ ಸಂದೇಶವನ್ನು ಓದಿ ಹೇಳುತ್ತದೆ, ತೋರಿಸುವುದಿಲ್ಲ. ಅತ್ತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದ ಕನ್ನಡವನ್ನು ಅದು ಓದುವ ಚಂದ ಕೇಳಬೇಕು. ಅಷ್ಟಕ್ಕಾದರೂ ಕಾರು ಕೊಳ್ಳಬಹುದು.

ಮತ್ತೆ ಹಸಿರು ವೈರಿಗೆ. ಗಾಡಿ ಓಡುವಾಗಲೂ ವೀಡಿಯೊ ಬರಲೆಂದು ಇದನ್ನು ಅರ್ತಿಗೆ ಸೇರಿಸುವ ಚಾಳಿ ಜೆ.ಸಿ. ರಸ್ತೆಯದ್ದಷ್ಟೇ ಅಲ್ಲ, ಲೋಕದ್ದು. ಡಿವಿಡಿ ಸ್ಟೀರಿಯೊ ಕಾಲದಿಂದಲೂ ಇದೆ. ಕಂಪನಿಗಳಿಗೆ ಇದು ಗೊತ್ತಾಗದೇ ಇರುತ್ತದೆಯೇ? ಪಯನೀರ್ ತನ್ನ ಕೆಲವು ಮಾದರಿಗಳಲ್ಲಿ ವೈರು ಸುಮ್ಮನೆ ತಾಗಿದ್ದರೆ ನಂಬುವುದಿಲ್ಲ ಎಂದಿತು: ಬ್ರೇಕ್ ಹಾಕು, ಬಿಡು, ಮತ್ತೆ ಹಾಕು, ಆಗ ವೀಡಿಯೊ. ಅದಕ್ಕೆ ಉತ್ತರವಾಗಿ, ಆ ಹಾಕಿ-ಬಿಡುವ ತಾಳವನ್ನು ತಾನೇ ತಟ್ಟುವ ಹೆಬ್ಬೆರಳ ಗಾತ್ರದ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಅನೇಕ ಹೊಸ ಕಾರುಗಳಲ್ಲಿ ಹ್ಯಾಂಡ್‌ಬ್ರೇಕನ್ನು ಕೇಳುವುದೇ ಇಲ್ಲ, ಚಕ್ರದ ವೇಗವೇ ಕಾರಿನೊಳಗಿನ ಡೇಟಾ ಜಾಲದಲ್ಲಿ ಹರಿದು ಪರದೆಗೆ ತಲುಪುತ್ತದೆ. ಆ ಸಂದೇಶವನ್ನು ನಡುದಾರಿಯಲ್ಲಿ ಹಿಡಿದು ತಿದ್ದಿ ಮುಂದೆ ಬಿಡುವ ಪೆಟ್ಟಿಗೆಯೂ ಬಂದಾಗಿದೆ. ಇಷ್ಟು ಜಾಣತನ ಖರ್ಚಾಗುತ್ತಿರುವುದು ಸ್ಟೀರಿಂಗ್ ಹಿಡಿದವನಿಗೆ ಸಿನಿಮಾ ತೋರಿಸಲಿಕ್ಕೆ ಎಂದು ನೆನೆದರೆ ಮೆಚ್ಚಬೇಕೋ ಬೈಯಬೇಕೋ ತಿಳಿಯದು.

ಬೈಯುವುದಕ್ಕೂ ಆಧಾರವಿದೆ. 2020ರಲ್ಲಿ ಬ್ರಿಟನ್ನಿನ ಐಎಎಂ ರೋಡ್‌ಸ್ಮಾರ್ಟ್ ಎಂಬ ರಸ್ತೆ ಸುರಕ್ಷತಾ ಸಂಸ್ಥೆಗಾಗಿ ಟಿಆರ್‌ಎಲ್ ಎಂಬ ಸಾರಿಗೆ ಸಂಶೋಧನಾ ಸಂಸ್ಥೆ ಸಿಮ್ಯುಲೇಟರಿನಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಬೆರಳಿನಿಂದ ಕಾರ್‌ಪ್ಲೇ ಬಳಸಿದ ಚಾಲಕರು ಪ್ರತಿಕ್ರಿಯಿಸುವುದು ಶೇ 57ರಷ್ಟು ತಡವಾಯಿತು. ಆಂಡ್ರಾಯ್ಡ್ ಆಟೊದಲ್ಲಿ ಶೇ 53. ಫೋನನ್ನು ಕೈಯಲ್ಲೇ ಹಿಡಿದು ಮಾತಾಡಿದರೆ ಎಷ್ಟು ಅಂತೀರಿ? ಶೇ 46. ಅಂದರೆ ಸುರಕ್ಷಿತ ಎಂದು ಡ್ಯಾಶ್‌ಬೋರ್ಡಿಗೆ ಏರಿಸಿದ್ದೇ, ಕೈಯಲ್ಲಿದ್ದದ್ದಕ್ಕಿಂತ ಹೆಚ್ಚು ಗಮನ ಕದಿಯಿತು. ಅದೂ ಬ್ರೇಕ್ ವೈರಿಗೆ ಯಾರೂ ಕೈಹಾಕದ ಪ್ರಯೋಗಾಲಯದಲ್ಲಿ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು 2020ರ ಅಕ್ಟೋಬರಿನಿಂದ, ಏಕಾಗ್ರತೆ ಕೆಡದಂತೆ ದಾರಿ ನೋಡಲು ಮಾತ್ರ ಕೈಫೋನು ಬಳಸಬಹುದು ಎನ್ನುತ್ತವೆ. ಡ್ಯಾಶ್‌ಬೋರ್ಡಿಗೆ ಏರಿದ ಫೋನನ್ನು ಯಾವ ಲೆಕ್ಕಕ್ಕೆ ಹಿಡಿಯುವುದೆಂದು ಸಿಗ್ನಲ್ಲಿನ ಪೊಲೀಸರು ತಲೆಕೆಡಿಸಿಕೊಂಡದ್ದನ್ನು ನಾನಂತೂ ಕಂಡಿಲ್ಲ.

ಫಿಟ್ಟರ್ ಹುಡುಗನನ್ನು ಕೇಳಿದೆ, ಎಲ್ಲರಿಗೂ ಹೀಗೇ ಮಾಡುತ್ತೀಯಾ ಎಂದು. "ಮಾಡದಿದ್ರೆ ನಾಳೆ ವಾಪಸ್ ಬರ್ತಾರೆ ಸಾರ್, ವೀಡಿಯೊ ಬರ್ತಿಲ್ಲ ಅಂತ. ಡ್ರೈವ್ ಮಾಡೋರು ಕೇಳಲ್ಲ, ಪಕ್ಕದ ಸೀಟಿನೋರು ಕೇಳ್ತಾರೆ." ಅವನ ಮಾತಿನಲ್ಲಿ ತಿರುಳಿದೆ. ಪರದೆ ಮುಟ್ಟಿದ ಬೆರಳು ಚಾಲಕನದೋ ಅವನ ಹೆಂಡತಿಯದೋ ಎಂದು ಆಂಡ್ರಾಯ್ಡ್ ಆಟೊಗೂ ತಿಳಿಯದು, ಕಾರ್‌ಪ್ಲೇಗೂ ತಿಳಿಯದು; ಗಾಡಿ ಓಡುವಾಗ ಕೀಬೋರ್ಡ್ ಬಂದ್ ಆದರೆ ಇಬ್ಬರಿಗೂ ಬಂದ್. ಪಕ್ಕದಲ್ಲಿ ಕೂತವರು ಸಕಲೇಶಪುರದಲ್ಲಿ ಪರದೆಯಲ್ಲಿ ಟೈಪಿಸಿ ಊಟದ ಹೋಟೆಲ್ ಹುಡುಕಬೇಕೆಂದರೆ ಕಾರನ್ನೇ ಪಕ್ಕಕ್ಕೆ ನಿಲ್ಲಿಸಬೇಕು, ಇಲ್ಲವೇ ಹಸಿರು ವೈರನ್ನು ಅರ್ತಿಗೆ ಸೇರಿಸಬೇಕು.